ವೆನಿಸ್‌ನಲ್ಲಿ ಎಲ್ಲಿ ಉಳಿಯುವುದು: ದ್ವೀಪದಲ್ಲೋ, ಮೆಸ್ತ್ರೆಯಲ್ಲೋ, ಇನ್ನೂ ಆಚೆಗೋ?

ವೆನಿಸ್‌ಗೆ ಹೋಗಲು ನಿಂತವರು ಹೋಟೆಲ್ ಹುಡುಕಲು ಕೂತ ಹತ್ತೇ ನಿಮಿಷಕ್ಕೆ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ನೀರಿನ ನಡುವಿನ ಹಳೇ ಊರಿನಲ್ಲಿ ಬಾಡಿಗೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಸೇತುವೆಯ ಆಚೆ ದಡದಲ್ಲಿರುವ ಮೆಸ್ತ್ರೆಯಲ್ಲಿ ಅದಕ್ಕಿಂತ ದೊಡ್ಡ ರೂಮು, ಲಿಫ್ಟು, ಬೆಳಗಿನ ತಿಂಡಿ ಎಲ್ಲ ಸೇರಿ ಎಷ್ಟೋ ಕಡಿಮೆಗೆ ಸಿಗುತ್ತದೆ. ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷದ ದಾರಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಮೆಸ್ತ್ರೆಯೇ ಗೆಲ್ಲುತ್ತದೆ.

ಆ ಲೆಕ್ಕದಲ್ಲಿ ಹೊತ್ತಿನ ಬಾಬತ್ತು ಮಾತ್ರ ಸೇರಿರುವುದಿಲ್ಲ. ವೆನಿಸ್‌ಗೆ ಬರುವವರಲ್ಲಿ ಬಹುಪಾಲು ಜನ ಬೆಳಿಗ್ಗೆ ಬಂದು ಸಂಜೆ ಹೊರಡುವವರು. ಹತ್ತರಿಂದ ಐದರವರೆಗೆ ರಿಯಾಲ್ತೊ ಸೇತುವೆಯಿಂದ ಸಾನ್ ಮಾರ್ಕೊ ಚೌಕದ ತನಕ ನಿಮ್ಮ ಕಣ್ಣಿಗೆ ಬೀಳುವುದು ಮುಂದಿನವರ ಬ್ಯಾಕ್‌ಪ್ಯಾಕು. ಬೆಳಿಗ್ಗೆ ಏಳಕ್ಕೆ ಅದೇ ಜಾಗಕ್ಕೆ ಹೋಗಿ ನೋಡಿ, ಅಂಗಡಿಗಳಿಗೆ ಸಾಮಾನು ಇಳಿಸುವ ದೋಣಿಗಳು, ತಳ್ಳುಗಾಡಿಯವರು, ಶಾಲೆಗೆ ಹೊರಟ ಮಕ್ಕಳು ಬಿಟ್ಟರೆ ಯಾರೂ ಇಲ್ಲ. ದ್ವೀಪದಲ್ಲಿ ವಾಸವಿದ್ದವರು 1951ರಲ್ಲಿ ಸುಮಾರು 1,75,000. 2022ರ ಹೊತ್ತಿಗೆ ಅದು 50,000ಕ್ಕಿಂತ ಕೆಳಗಿಳಿಯಿತು. ಹಾಗಾಗಿ ಹಗಲಿನ ಜನ ರೈಲು ಹತ್ತಿದ ಮೇಲೆ ಊರು ನಿಜಕ್ಕೂ ಖಾಲಿಯಾಗುತ್ತದೆ. ಮೆಸ್ತ್ರೆಯಲ್ಲಿ ಉಳಿದವರು ಜಂಗುಳಿಯ ಜೊತೆಗೇ ಬಂದು ಜಂಗುಳಿಯ ಜೊತೆಗೇ ವಾಪಸ್ ಹೋಗುತ್ತಾರೆ.

ಆದ್ದರಿಂದ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೆರಡು ರಾತ್ರಿ ಮಾತ್ರ ಇರುವವರು ರೂಮು ಎಷ್ಟೇ ಚಿಕ್ಕದಿರಲಿ, ದ್ವೀಪದಲ್ಲೇ ಉಳಿಯಿರಿ. ಬಜೆಟ್ ಬಿಗಿಯಿದ್ದರೆ ರಾತ್ರಿಗಳನ್ನು ಕಡಿಮೆ ಮಾಡಿ, ಜಾಗವನ್ನು ದೂರ ಮಾಡಬೇಡಿ. ನಾಲ್ಕೈದು ದಿನ ಇರುವವರು, ಕಾರಿನಲ್ಲಿ ಬರುವವರು, ವೆನೆತೊ ಪ್ರಾಂತ್ಯದ ಬೇರೆ ಊರುಗಳನ್ನೂ ನೋಡುವವರು ದಡದ ಊರುಗಳ ಬಗ್ಗೆ ಯೋಚಿಸಬಹುದು. ಪ್ಯಾಕೇಜ್ ಟೂರಿನಲ್ಲಿ ನಮ್ಮವರು ಈ ಊರಿಗೆ ಕೊಡುವುದು ಸಾಮಾನ್ಯವಾಗಿ ಅರ್ಧ ದಿನ. ತಾಳಿಕೋಟೆ ಯುದ್ಧ ಮುಗಿದು ಎರಡು ವರ್ಷಕ್ಕೆ, 1567ರಲ್ಲಿ, ಸೆಸಾರೆ ಫೆದೆರಿಚಿ ಎಂಬ ವೆನಿಸ್ ಕಡೆಯ ವ್ಯಾಪಾರಿ ವಿಜಯನಗರಕ್ಕೆ ಬಂದಿದ್ದ. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಏಳು ತಿಂಗಳು ಅಲ್ಲೇ ಇರಬೇಕಾಯಿತು, ದಾರಿಯಲ್ಲಿ ಕಳ್ಳರ ಕಾಟ ಅಂತ. ಆ ಲೆಕ್ಕದಲ್ಲಿ ನಾವು ಎರಡು ರಾತ್ರಿಯಾದರೂ ಬಾಕಿ ಇದ್ದೇವೆ.

ದೂರ ಅಳೆಯಬೇಡಿ, ಸೇತುವೆ ಎಣಿಸಿ

ಬೇರೆ ಊರಿನಲ್ಲಿ ಹೋಟೆಲ್ ನೋಡುವಾಗ ಸ್ಟೇಷನ್ನಿನಿಂದ ಎಷ್ಟು ದೂರ ಎಂದು ಕೇಳುತ್ತೇವೆ. ಇಲ್ಲಿ ಆ ಪ್ರಶ್ನೆ ಕೆಲಸಕ್ಕೆ ಬರುವುದಿಲ್ಲ. ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದ ಊರು ಇದು. ಸೇತುವೆ ಎಂದರೆ ಮೆಟ್ಟಿಲು. ದೋಣಿ ಅಡಿಯಲ್ಲಿ ಹಾದುಹೋಗಬೇಕಲ್ಲ, ಹಾಗಾಗಿ ಏರಿ ಇಳಿಯಲೇಬೇಕು. ಇಪ್ಪತ್ಮೂರು ಕಿಲೋ ಸೂಟ್‌ಕೇಸ್ ಹಿಡಿದು ಒಂದು ಸೇತುವೆ ದಾಟುವುದು ದೊಡ್ಡ ಮಾತಲ್ಲ. ನಾಲ್ಕನೆಯದಕ್ಕೆ ಬಂದಾಗ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ.

ನಕ್ಷೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಸಾಂತಾ ಲೂಚಿಯಾ ರೈಲು ನಿಲ್ದಾಣದ ಎದುರನ್ನೇ ನೋಡಿ. ಹೊರಗೆ ಕಾಲಿಟ್ಟರೆ ಮುಂದೆಯೇ ಗ್ರ್ಯಾಂಡ್ ಕೆನಾಲು. ಆಚೆ ದಡದ ಹೋಟೆಲಿನ ಹೆಸರು ಇಲ್ಲಿಂದಲೇ ಓದಬಹುದು. ಆದರೆ ಅಲ್ಲಿಗೆ ಹೋಗಲು ಸ್ಕಾಲ್ತ್ಸಿ ಸೇತುವೆಯ ಅಷ್ಟೂ ಮೆಟ್ಟಿಲು ಹತ್ತಿ ಇಳಿಯಬೇಕು. ಅದೇ ನಿಲ್ದಾಣದಿಂದ ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಎಂಬ ಅಗಲವಾದ ಬೀದಿ ಸಿಗುತ್ತದೆ, ಗೂಲ್ಯೆ ಸೇತುವೆ ಬರುವ ತನಕ ಒಂದೂ ಮೆಟ್ಟಿಲಿಲ್ಲ. ನಕ್ಷೆಯಲ್ಲಿ ದೂರ ಕಾಣುವ ಹೋಟೆಲು ಕಾಲಿಗೆ ಹತ್ತಿರ. ಬಸ್ಸುಗಳು ನಿಲ್ಲುವ ಪಿಯಾತ್ಸಾಲೆ ರೋಮಾದಿಂದ ನಿಲ್ದಾಣದ ಕಡೆಗೆ 2008ರಲ್ಲಿ ತೆರೆದ ಹೊಸ ಸೇತುವೆ ಇದೆ, ಕಲಾತ್ರಾವಾ ವಿನ್ಯಾಸದ್ದು. ನೋಡಲು ಚೆಂದ, ಆದರೆ ಗಾಜಿನ ಮೆಟ್ಟಿಲ ಮೇಲೆ ಮಳೆಯಲ್ಲಿ ಜಾರಿ ಬಿದ್ದವರಿಂದಲೇ ಹೆಚ್ಚು ಪ್ರಸಿದ್ಧಿ.

ಹಾಗಾಗಿ ರೂಮು ಇಷ್ಟವಾದ ಕೂಡಲೇ ಎರಡು ವಿಷಯ ನೋಡಿ. ಹತ್ತಿರದ ವಾಪೊರೆತ್ತೊ, ಅಂದರೆ ನೀರ ಮೇಲಿನ ಸಿಟಿ ಬಸ್ಸಿನ ಸ್ಟಾಪು ಯಾವುದು. ಆ ಸ್ಟಾಪಿನಿಂದ ಬಾಗಿಲ ತನಕ ಎಷ್ಟು ಸೇತುವೆ. ಸೊನ್ನೆ ಅಥವಾ ಒಂದು ಬಂದರೆ ನಿಶ್ಚಿಂತೆ. ಮನೆ ಮಾಲೀಕರಿಗೆ ಮೆಸೇಜ್ ಹಾಕಿ ಕೇಳಿದರೆ ಹೇಳುತ್ತಾರೆ, ಅವರಿಗೆ ಇದು ದಿನಾ ಬರುವ ಪ್ರಶ್ನೆ. ಜೊತೆಗೆ ಓಣಿಯ ಹೆಸರನ್ನೂ ಕೇಳಿಕೊಳ್ಳಿ. ಇಲ್ಲಿ ವಿಳಾಸ ಎಂದರೆ ಪೇಟೆಯ ಹೆಸರು ಮತ್ತು ಒಂದು ನಂಬರು, ಅಷ್ಟೇ. ಆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಪೇಟೆಗೆ ಸೇರಿದ್ದು; ಕಸ್ತೆಲ್ಲೊದಲ್ಲಿ ಅದು 6,000 ದಾಟುತ್ತದೆ. 'ಕಸ್ತೆಲ್ಲೊ 4,000 ಚಿಲ್ಲರೆ' ಎಂದು ಹಿಡಿದುಕೊಂಡು ಹೊರಟರೆ ಅಲ್ಲಿನವರಿಗೂ ದಾರಿ ತೋರಿಸಲಾಗದು.

ವಾಪೊರೆತ್ತೊ ಅಗ್ಗವಲ್ಲ. 2025ರಲ್ಲಿ 75 ನಿಮಿಷದ ಒಂದು ಟಿಕೆಟ್ಟಿಗೆ 9.50 ಯೂರೊ, ಇಡೀ ದಿನದ ಪಾಸಿಗೆ 25, ಮೂರು ದಿನಕ್ಕೆ 45. ರೂಮು ಅಗ್ಗ ಎಂದು ದೂರದ ತುದಿಗೆ ಹೋದರೆ ಈ ಪಾಸು ಬೇಕೇಬೇಕು. ಊರಿನ ನಡುವೆ ಉಳಿದು ಕಾಲಾಡಿಸಲು ಸಿದ್ಧವಿದ್ದರೆ ಬಂದ ದಿನ ಒಂದು, ಹೊರಡುವ ದಿನ ಒಂದು ಟಿಕೆಟ್ಟಿನಲ್ಲಿ ಮುಗಿಯುತ್ತದೆ. ಬಾಡಿಗೆ ಹೋಲಿಸುವಾಗ ಇದನ್ನೂ ಕೂಡಿಸಿ.

ಆರು ಪೇಟೆಗಳಲ್ಲಿ ಯಾವುದು

ಹಳೇ ಊರಿನಲ್ಲಿ ಆರು ಭಾಗ: ಸಾನ್ ಮಾರ್ಕೊ, ಕಸ್ತೆಲ್ಲೊ, ಕನ್ನರೇಜೊ, ಸಾನ್ ಪೋಲೊ, ಸಾಂತಾ ಕ್ರೋಚೆ, ದೊರ್ಸೊದೂರೊ. ನನ್ನ ಮತ ಕನ್ನರೇಜೊಗೆ, ಅದರಲ್ಲೂ ಅದರ ಉತ್ತರದ ಅಂಚಿಗೆ.

ಕನ್ನರೇಜೊದಲ್ಲೇ ಎರಡು ಊರಿದೆ ಎಂದುಕೊಳ್ಳಿ. ನಿಲ್ದಾಣದ ಪಕ್ಕದ್ದು ಲಾಡ್ಜು, ಮುಖವಾಡದ ಅಂಗಡಿ, ಫೋಟೊ ಹಾಕಿದ ಮೆನುಗಳ ಊರು. ತಡರಾತ್ರಿ ಇಳಿಯುವವರಿಗೆ, ಬೆಳಗಿನ ಜಾವ ರೈಲು ಹಿಡಿಯುವವರಿಗೆ ಅನುಕೂಲ, ಅಷ್ಟಕ್ಕೇ ಸರಿ. ಅಲ್ಲಿಂದ ಕಾಲು ಗಂಟೆ ಉತ್ತರಕ್ಕೆ ನಡೆದರೆ ಮೂರು ಕಾಲುವೆಗಳು ಒಂದರ ಪಕ್ಕ ಒಂದು ನೇರವಾಗಿ ಹರಿಯುತ್ತವೆ, ಪ್ರತಿಯೊಂದರ ಪಕ್ಕದಲ್ಲೂ ಉದ್ದಕ್ಕೆ ಕಲ್ಲುಹಾಸಿನ ದಾರಿ. ಓಣಿಗಳಲ್ಲಿ ಗಿರಕಿ ಹೊಡೆಸುವ ಈ ಊರಿನಲ್ಲಿ ದಾರಿ ತಪ್ಪದ ಭಾಗ ಯಾವುದಾದರೂ ಇದ್ದರೆ ಇದೇ. ಸಂಜೆ ಮಿಸೆರಿಕೋರ್ದಿಯಾ ದಂಡೆಯ ಬಾಕಾರೊಗಳ, ಅಂದರೆ ಪುಟ್ಟ ವೈನ್ ಅಂಗಡಿಗಳ ಮುಂದೆ ಜನ ಗ್ಲಾಸು ಹಿಡಿದು ಕಾಲುವೆಯ ಕಟ್ಟೆಗೆ ಕೂರುತ್ತಾರೆ. ನಾಲ್ಕು ಹೆಜ್ಜೆ ಆಚೆ 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಗೆಟ್ಟೊ. ಹೊರಗೆ ಹಬ್ಬಲು ಜಾಗ ಕೊಡದ್ದರಿಂದ ಮೇಲಕ್ಕೆ ಬೆಳೆದ ಏಳೆಂಟು ಮಹಡಿಯ ಕಟ್ಟಡಗಳು ಇಂದಿಗೂ ನಿಂತಿವೆ. ಚಿತ್ರಕಾರ ತಿಂತೊರೆತ್ತೊ ವಾಸವಿದ್ದ ಮನೆಯೂ, ಅವನ ಸಮಾಧಿ ಇರುವ ಮದೊನ್ನಾ ದೆಲ್ಲೊರ್ತೊ ಚರ್ಚೂ ಇದೇ ಸುತ್ತಿನಲ್ಲಿ. ವಿಮಾನ ನಿಲ್ದಾಣದಿಂದ ಬರುವ ಅಲಿಲಗೂನಾ ದೋಣಿಯ ಕಿತ್ತಳೆ ಲೈನು ಇಲ್ಲೇ ನಿಲ್ಲುತ್ತದೆ, ಮುರಾನೊ, ಬುರಾನೊ ದ್ವೀಪಗಳ ದೋಣಿಗಳು ಫೊಂದಮೆಂತೆ ನೋವೆಯಿಂದ ಹೊರಡುತ್ತವೆ. ಸಾನ್ ಮಾರ್ಕೊ ಇಲ್ಲಿಂದ ನಡೆದು ಅರ್ಧ ಗಂಟೆ. ದಿನಕ್ಕೊಮ್ಮೆ ಅಷ್ಟು ನಡೆಯಲಾಗದಿದ್ದರೆ ವೆನಿಸ್ ಪ್ರವಾಸವೇ ಕಷ್ಟ.

ಎರಡನೆಯ ಸ್ಥಾನ ಕಸ್ತೆಲ್ಲೊದ ಪೂರ್ವ ತುದಿಗೆ. ಪಶ್ಚಿಮ ಭಾಗವೆಂದರೆ ಸಾನ್ ಮಾರ್ಕೊದ ಬಾಲ, ಬೆಲೆಯೂ ಅದೇ, ಗಲಾಟೆಯೂ ಅದೇ. ಹಿಂದೆ ವೆನಿಸ್ ಗಣರಾಜ್ಯದ ಹಡಗು ಕಟ್ಟುತ್ತಿದ್ದ ಆರ್ಸೆನಾಲೆ ದಾಟಿದ ಮೇಲೆ ವಿಯಾ ಗರಿಬಾಲ್ದಿ ಬರುತ್ತದೆ. ಕಾಲುವೆ ಮುಚ್ಚಿ ಮಾಡಿದ ಬೀದಿಯಾದ್ದರಿಂದ ಈ ಊರಿಗೆ ಅಪರೂಪದಷ್ಟು ಅಗಲ. ಅಜ್ಜಿಯರು ತರಕಾರಿ ಚೀಲ ಎಳೆದುಕೊಂಡು ಹೋಗುತ್ತಾರೆ, ಹುಡುಗರು ಗೋಡೆಗೆ ಚೆಂಡು ಒದೆಯುತ್ತಾರೆ, ಪಕ್ಕದ ಓಣಿಗಳಲ್ಲಿ ಮನೆಯಿಂದ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಇನ್ನೂ ಮುಂದೆ ಸಾಂತ್ ಎಲೆನಾ: ಇಪ್ಪತ್ತನೆಯ ಶತಮಾನದ ಕಟ್ಟಡಗಳು, ಸಮತಟ್ಟು ನೆಲ, ಮರಗಳು, ಮಕ್ಕಳಿಗೆ ಉಯ್ಯಾಲೆ, ದಂಡೆಯಲ್ಲೇ ವಾಪೊರೆತ್ತೊ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನೋ ತಳ್ಳುಗಾಡಿಯ ಮಗುವನ್ನೋ ಕರೆದುಕೊಂಡು ಬರುವವರಿಗೆ ದ್ವೀಪದಲ್ಲಿ ಇದಕ್ಕಿಂತ ಸುಲಭದ ಜಾಗವಿಲ್ಲ. ಒಂದೇ ಎಚ್ಚರಿಕೆ, ಬಿಯೆನಾಲೆ ಕಲಾ ಪ್ರದರ್ಶನದ ಜಾಗಗಳು ಪಕ್ಕದಲ್ಲೇ ಇವೆ. ಅದು ಆರಂಭವಾಗುವ ವಾರದಲ್ಲಿ ಇಲ್ಲಿ ರೂಮು ಕೇಳಲೇಬೇಡಿ.

ದೊರ್ಸೊದೂರೊ ಚಿತ್ರಕಲೆಯ ಆಸಕ್ತಿ ಇರುವವರಿಗೆ. ಅಕಾದೆಮಿಯಾ, ಪೆಗಿ ಗುಗನ್‌ಹೈಮ್ ಸಂಗ್ರಹ ಎರಡೂ ಇಲ್ಲಿವೆ. 1630ರ ಪ್ಲೇಗಿಗೆ ಹರಕೆ ಹೊತ್ತು ಕಟ್ಟಿದ ಸಲೂತೆ ಚರ್ಚ್ ತುದಿಯಲ್ಲಿದೆ. ದಕ್ಷಿಣಕ್ಕೆ ಮುಖ ಮಾಡಿದ ಜಾತ್ತೆರೆ ದಂಡೆಯಲ್ಲಿ ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ಸಿಗುತ್ತದೆ. ಕ್ಯಾಂಪೊ ಸಾಂತಾ ಮಾರ್ಗೆರಿತಾ ಸುತ್ತ ರೂಮು ಹಿಡಿಯುವ ಮುಂಚೆ ಯೋಚಿಸಿ. ವಿಶ್ವವಿದ್ಯಾಲಯದ ಹುಡುಗರು ರಾತ್ರಿಯೆಲ್ಲ ಅಲ್ಲಿರುತ್ತಾರೆ. ನಿದ್ದೆ ಬೇಕಾದವರು ಎರಡು ಓಣಿ ಸರಿದರೆ ಸಾಕು.

ಸಾನ್ ಪೋಲೊ, ಸಾಂತಾ ಕ್ರೋಚೆ ಎರಡನ್ನೂ ಒಟ್ಟಿಗೆ ನೋಡಿ. ನಡುಮಧ್ಯದಲ್ಲಿವೆ, ಎಲ್ಲಿಗೂ ನಡೆದು ಹೋಗಬಹುದು, ಓಣಿಗಳು ಮಾತ್ರ ಸಿಕ್ಕು ಸಿಕ್ಕು. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವವರಿಗೆ ರಿಯಾಲ್ತೊ ಮಾರ್ಕೆಟ್ಟು ಇಲ್ಲಿನ ದೊಡ್ಡ ಆಕರ್ಷಣೆ, ಬೆಳಿಗ್ಗೆ ಮಾತ್ರ, ಭಾನುವಾರ ರಜೆ. ಸಾನ್ ಜಾಕೊಮೊ ದೆಲ್ಲೊರಿಯೊ ಚೌಕದ ಸುತ್ತಮುತ್ತ ಸಿಕ್ಕರೆ ಬಿಡಬೇಡಿ.

ಇನ್ನು ಸಾನ್ ಮಾರ್ಕೊ. ದುಡ್ಡಿಗೆ ಯೋಚನೆಯಿಲ್ಲ, ಇರುವುದು ಒಂದೇ ರಾತ್ರಿ, ಫೆನಿಚೆಯಲ್ಲಿ ಒಪೆರಾ ನೋಡಿ ನಡೆದೇ ಬರಬೇಕು ಅನ್ನುವವರಿಗೆ ಸರಿ. ಉಳಿದವರಿಗೆ ಬೇಡ. ಹಾಲು ಮೊಸರು ಕೊಳ್ಳಲು ಅಂಗಡಿ ಹುಡುಕಬೇಕು, ಊಟಕ್ಕೆ ಕುಳಿತರೆ ಕುರ್ಚಿಗೂ ದುಡ್ಡು. ಮೇಲಾಗಿ ಊರಿನಲ್ಲೇ ತಗ್ಗಾದ ಜಾಗ ಇದು, ಅಕ್ವಾ ಆಲ್ತಾ ಎನ್ನುವ ಉಬ್ಬರದ ನೀರು ಮೊದಲು ನುಗ್ಗುವುದು ಚೌಕಕ್ಕೆ. 2019ರ ನವೆಂಬರ್ 12ರ ರಾತ್ರಿ ನೀರು 187 ಸೆಂಟಿಮೀಟರ್ ಮಟ್ಟಕ್ಕೆ ಏರಿತ್ತು. 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಲ್ಲಿ ಮೋಸೆ ಎಂಬ ಏರಿಳಿಯುವ ಗೇಟುಗಳು ಕೆಲಸ ಮಾಡುತ್ತಿರುವುದರಿಂದ ಅಂಥ ಭಯ ಈಗಿಲ್ಲ. ಆದರೆ ಗೇಟು ಏಳುವುದು ಸುಮಾರು 110 ಸೆಂಟಿಮೀಟರ್ ಮುನ್ಸೂಚನೆಗೆ, ಚೌಕದ ತಗ್ಗಿನಲ್ಲಿ ನೀರು ಅದಕ್ಕೂ ಮುಂಚೆಯೇ ನಿಲ್ಲುತ್ತದೆ. ಅಕ್ಟೋಬರ್‌ನಿಂದ ಜನವರಿಯೊಳಗೆ ಹೋಗುವವರು ಯಾವ ಪೇಟೆಯಲ್ಲಾದರೂ ಸರಿ, ನೆಲಮಹಡಿಯ ರೂಮು ತೆಗೆದುಕೊಳ್ಳಬೇಡಿ.

ಮೆಸ್ತ್ರೆಯ ಪರವಾಗಿ

ದ್ವೀಪದ ಪಕ್ಷ ವಹಿಸಿದ್ದೇನೆಂದು ಮೆಸ್ತ್ರೆಯನ್ನು ಹೀಗಳೆಯುವುದಿಲ್ಲ. ವೆನಿಸ್‌ನಲ್ಲಿ ಕೆಲಸ ಮಾಡುವ ಎಷ್ಟೋ ಜನ ವಾಸ ಮಾಡುವುದು ಅಲ್ಲೇ. ರೈಲು ಸಾಲು ಸಾಲಾಗಿ ಇದೆ, 2015ರಿಂದ ಪಿಯಾತ್ಸಾಲೆ ರೋಮಾಕ್ಕೆ ಟ್ರಾಮೂ ಇದೆ. ಒಬ್ಬರಿಗೆ ಒಂದು ದಾರಿಗೆ ಒಂದೂವರೆ ಯೂರೊ ಆಸುಪಾಸು. ನಾಲ್ಕು ಜನರ ಕುಟುಂಬಕ್ಕೆ ಹೋಗಿ ಬರಲು ದಿನಕ್ಕೆ ಹನ್ನೆರಡು ಯೂರೊ ಎಂದರೆ ದೊಡ್ಡ ಹೊರೆಯಲ್ಲ. ಹೊರೆ ಬೇರೆ ಥರದ್ದು. ಮಧ್ಯಾಹ್ನ ಎರಡಕ್ಕೆ ಮಗು ಅಳುತ್ತಿದೆ, ಅಮ್ಮನಿಗೆ ಸ್ವಲ್ಪ ಮಲಗಬೇಕು ಅಂದಾಗ ರೂಮು ನೀರಿನ ಆಚೆ ಇರುತ್ತದೆ. ನಡುರಾತ್ರಿಯ ಮೇಲೆ ರೈಲು ವಿರಳ. ಗಡಿಯಾರ ನೋಡುತ್ತಾ ಮಾಡುವ ರಾತ್ರಿಯೂಟ ರುಚಿಸುವುದಿಲ್ಲ.

ಅಲ್ಲಿ ಉಳಿಯುವುದೇ ಆದರೆ ರೈಲು ನಿಲ್ದಾಣದ ಎದುರಿನಲ್ಲೇ ಉಳಿಯಿರಿ. ಹೆಸರಿನಲ್ಲಿ 'ವೆನಿಸ್' ಎಂದಿರುವ ಎಷ್ಟೋ ಹೋಟೆಲುಗಳು ಹೆದ್ದಾರಿಯ ಪಕ್ಕ, ವಿಮಾನ ನಿಲ್ದಾಣದ ಹಿಂದೆ, ಕಾರ್ಖಾನೆಗಳ ಮಾರ್ಗೇರಾದಲ್ಲಿ ಇರುತ್ತವೆ. ಅಲ್ಲಿಂದ ಬಸ್ಸು ಹಿಡಿದು ಸ್ಟೇಷನ್ನಿಗೆ ಬಂದು ರೈಲು ಹತ್ತುವಷ್ಟರಲ್ಲಿ ಹತ್ತು ನಿಮಿಷದ ಲೆಕ್ಕ ಒಂದು ಗಂಟೆಯಾಗಿರುತ್ತದೆ. ನಿಲ್ದಾಣದ ಹೆಸರಲ್ಲೂ ಜಾಗ್ರತೆ: 'ವೆನೇತ್ಸಿಯಾ ಮೆಸ್ತ್ರೆ' ಬೇರೆ, 'ವೆನೇತ್ಸಿಯಾ ಸಾಂತಾ ಲೂಚಿಯಾ' ಬೇರೆ. ದ್ವೀಪಕ್ಕೆ ಎರಡನೆಯದು.

ಸಸ್ಯಾಹಾರಿಗಳಿಗೆ ಮೆಸ್ತ್ರೆಯಲ್ಲಿ ಒಂದು ಲಾಭವಿದೆ. ಬಾಂಗ್ಲಾದೇಶದಿಂದ ಬಂದು ನೆಲೆಸಿದವರು ಅಲ್ಲಿ ಬಹಳ. ನಿಲ್ದಾಣದ ಬಳಿಯ ವಿಯಾ ಪಿಯಾವೆ ಕಡೆ ಹೋದರೆ ಅಕ್ಕಿ, ಬೇಳೆ, ಹಸಿಮೆಣಸು, ಕೊತ್ತಂಬರಿ ಎಲ್ಲ ಸಿಗುತ್ತದೆ. ದ್ವೀಪದಲ್ಲಿ ಹೊರಗೆ ತಿನ್ನುವುದಾದರೆ ಎಚ್ಚರವಾಗಿರಿ. ಮೀನೇ ಕಾಣದ ತಿನಿಸಿನಲ್ಲೂ ಮೀನಿರುತ್ತದೆ. ಬಿಗೊಲಿ ಇನ್ ಸಾಲ್ಸಾ ನೋಡಿದರೆ ಈರುಳ್ಳಿ ಹಾಕಿದ ದಪ್ಪ ಶಾವಿಗೆ, ಆದರೆ ಆ ಈರುಳ್ಳಿಯ ಜೊತೆ ಅಂಚೋವಿ ಮೀನು ಕರಗಿಹೋಗಿರುತ್ತದೆ. ಬ್ರೆಡ್ಡಿನ ನಡುವೆ ಚೀಸಿಟ್ಟು ಕರಿದ ಮೊಜರೆಲ್ಲಾ ಇನ್ ಕರೋತ್ಸಾದಲ್ಲೂ ಅಂಚೋವಿಯೋ ಹ್ಯಾಮೋ ಅಡಗಿರುವುದುಂಟು. ಇದಕ್ಕೇ ಅಡುಗೆಮನೆ ಇರುವ ಜಾಗ ಹುಡುಕಿ ಎನ್ನುವುದು. ಕನ್ನರೇಜೊದಲ್ಲಿ ಒಂದು ಹಳೇ ಸಿನಿಮಾ ಥಿಯೇಟರೇ ಈಗ ಸೂಪರ್‌ಮಾರ್ಕೆಟ್ಟು, ಚಿತ್ರಿಸಿದ ಛಾವಣಿಯ ಕೆಳಗೆ ಟೊಮೆಟೊ ಆರಿಸಬಹುದು. ಅಪಾರ್ಟ್‌ಮೆಂಟಿನ ಒಂದು ಕಿರಿಕಿರಿ ಕಸ. ಬೀದಿಯಲ್ಲಿ ತೊಟ್ಟಿಗಳಿಲ್ಲ, ಬೆಳಿಗ್ಗೆ ಕೈಗಾಡಿಯವರು ಬಂದು ಬೆಲ್ ಒತ್ತುತ್ತಾರೆ, ಆಗ ಎದ್ದಿರಬೇಕು.

ನೀರಿನ ಆಚೆ, ಇನ್ನೂ ಆಚೆ

ಲಿಡೊ ದ್ವೀಪ ಬೇಸಿಗೆಗೆ, ಮಕ್ಕಳಿಗೆ. ಒಂದು ಕಡೆ ಸಮುದ್ರತೀರ, ರಸ್ತೆ, ಸೈಕಲ್ಲು, ಕಾರು. ಸಾನ್ ಮಾರ್ಕೊಗೆ ದೋಣಿಯಲ್ಲಿ ಕಾಲು ಗಂಟೆಯಷ್ಟು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಚಲನಚಿತ್ರೋತ್ಸವ, ಆಗ ಬೆಲೆ ಮುಟ್ಟುವ ಹಾಗಿಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಮಾಡುವುದು ಏನೂ ಇಲ್ಲ. ಜುದೆಕ್ಕ ದ್ವೀಪದಲ್ಲಿ ಕಿಟಕಿ ತೆರೆದರೆ ಇಡೀ ವೆನಿಸ್ ಎದುರಿಗೆ, ಆದರೆ ಅಲ್ಲಿಗೆ ಸೇತುವೆಯಿಲ್ಲ. ಮಂಜು ಕವಿದ ದಿನ, ಮುಷ್ಕರದ ದಿನ ದೋಣಿ ಕಡಿಮೆಯಾಗುತ್ತದೆ. ಮುಷ್ಕರ ಇಟಲಿಯಲ್ಲಿ ಅಪರೂಪವೇನಲ್ಲ.

ಮೆಸ್ತ್ರೆಗಿಂತ ನನಗೆ ಪಾದುವಾ ಇಷ್ಟ. ರೈಲಿನಲ್ಲಿ ಅರ್ಧ ಗಂಟೆ, ಆದರೆ ಅದು ತಾನೇ ಒಂದು ಊರು: ಜೊತ್ತೊ ಚಿತ್ರಿಸಿದ ಸ್ಕ್ರೊವೆನ್ಯಿ ಚಾಪೆಲ್, 1222ರಲ್ಲಿ ಆರಂಭವಾಗಿ ಗೆಲಿಲಿಯೊ ಪಾಠ ಹೇಳಿದ ವಿಶ್ವವಿದ್ಯಾಲಯ, 1545ರ ಸಸ್ಯೋದ್ಯಾನ. ಮೂರು ದಿನ ಪಾದುವಾ, ಎರಡು ರಾತ್ರಿ ವೆನಿಸ್ ದ್ವೀಪ ಎಂದು ಒಡೆದುಕೊಂಡರೆ ಖರ್ಚೂ ತೂಗುತ್ತದೆ, ಊರೂ ಸಿಗುತ್ತದೆ. ಚಾಪೆಲ್‌ಗೆ ಮುಂಗಡ ಬುಕಿಂಗ್ ಕಡ್ಡಾಯ.

ಪಾದುವಾದಲ್ಲಿ ಉಳಿದು ಹಗಲು ವೆನಿಸ್‌ಗೆ ಬರುವವರು ಒಂದು ಶುಲ್ಕ ತಿಳಿದಿರಬೇಕು. 2024ರ ಏಪ್ರಿಲ್ 25ರಿಂದ ವೆನಿಸ್ ಹಗಲು ಪ್ರವಾಸಿಗರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳಲು ಶುರುಮಾಡಿತು. 2025ರಲ್ಲಿ ಆಯ್ದ 54 ದಿನಗಳಂದು ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ ಅದು ಅನ್ವಯವಾಗಿತ್ತು, ಮುಂಚಿತವಾಗಿ ಕಟ್ಟಿದರೆ 5 ಯೂರೊ, ಕೊನೆಗಳಿಗೆಯಲ್ಲಿ 10. ವೆನಿಸ್ ನಗರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ಉಳಿಯುವವರಿಗೆ ವಿನಾಯಿತಿ, ಮೆಸ್ತ್ರೆ ಮತ್ತು ಲಿಡೊ ಕೂಡ ಆ ವ್ಯಾಪ್ತಿಗೇ ಸೇರುತ್ತವೆ. ಆದರೂ ಆನ್‌ಲೈನಿನಲ್ಲಿ ವಿನಾಯಿತಿಯ ಕ್ಯೂಆರ್ ಕೋಡ್ ತೆಗೆದಿಟ್ಟುಕೊಳ್ಳಬೇಕು. ಇದಲ್ಲದೆ ಉಳಿಯುವವರಿಗೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಇದೆ, ಮೊದಲ ಐದು ರಾತ್ರಿಗೆ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗಿಲ್ಲ. ಬುಕಿಂಗ್ ಬೆಲೆಯಲ್ಲಿ ಇದು ಹೆಚ್ಚಾಗಿ ಸೇರಿರುವುದಿಲ್ಲ, ಅಲ್ಲಿ ಹೋದ ಮೇಲೆ ಕೈಯಲ್ಲಿ ಕೇಳುತ್ತಾರೆ.

ಖಾಸಗಿ ಮನೆಯಾದರೆ ಜಾಹೀರಾತಿನಲ್ಲಿ ಸಿಐಎನ್ ಎಂಬ ರಾಷ್ಟ್ರೀಯ ನೋಂದಣಿ ಸಂಖ್ಯೆ ಇದೆಯೇ ನೋಡಿ, 2025ರಿಂದ ಇಟಲಿಯಲ್ಲಿ ಅದು ಕಡ್ಡಾಯ. ಇಲ್ಲದಿದ್ದರೆ ಮುಂದಕ್ಕೆ ಹೋಗಿ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ಅತಿಥಿಗಳ ವಿವರವನ್ನು ಪೊಲೀಸರಿಗೆ ಕಳಿಸುವುದು ಅವರ ಕಾನೂನು. ಬೆಂಗಳೂರಿನಿಂದ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವವರಿಗೆ ಎಲ್ಲ ರಾತ್ರಿಗಳ ಬುಕಿಂಗ್ ತೋರಿಸಬೇಕಾಗುತ್ತದೆ, ಆದ್ದರಿಂದ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ. ರದ್ದತಿಯ ಕೊನೆ ದಿನಾಂಕ ವೀಸಾ ಕೈಗೆ ಬರುವ ದಿನಕ್ಕಿಂತ ಮುಂದಿರಲಿ. ಫೆಬ್ರವರಿ ಹೊತ್ತಿನ ಕಾರ್ನಿವಲ್, ಜುಲೈ ಮೂರನೇ ಭಾನುವಾರದ ರೆದೆಂತೋರೆ ಹಬ್ಬ ನಿಮ್ಮ ತಾರೀಖಿಗೆ ಬಿದ್ದರೆ ಅಂಥ ರೂಮುಗಳು ಮೊದಲೇ ಮುಗಿದಿರುತ್ತವೆ. ಹಾಗಾದಾಗ ತಾರೀಖನ್ನೇ ಒಂದು ವಾರ ಸರಿಸಿ ನೋಡಿ, ಮೆಸ್ತ್ರೆಯ ಬೆಲೆಗೆ ಕನ್ನರೇಜೊ ಸಿಕ್ಕರೂ ಸಿಗಬಹುದು.